ಸಯಾಮ್ ಅರಮನೆಯ ಗವರ್ನೆಸ್: ಅನ್ನಾ ಲಿಯೊನೊವೆನ್ಸ್ ಅವರ ಬದುಕನ್ನೂ ಬರಹವನ್ನೂ ಓದುವ ವಿಧಾನ

ಹತ್ತೊಂಬತ್ತನೆಯ ಶತಮಾನದಲ್ಲಿ ಪರದೇಶದ ಅರಮನೆಗಳಿಗೆ ಪಾಠ ಹೇಳಲು ಹೋದ ಗವರ್ನೆಸ್‌ಗಳಲ್ಲಿ ಅನ್ನಾ ಲಿಯೊನೊವೆನ್ಸ್ ಅವರಷ್ಟು ಹೆಸರಾದವರು ಬೇರೊಬ್ಬರಿಲ್ಲ. 1862ರ ಮಾರ್ಚ್‌ನಿಂದ 1867ರ ಜುಲೈವರೆಗೆ ಅವರು ಬ್ಯಾಂಕಾಕ್‌ನ ಅರಮನೆಯಲ್ಲಿ ಸಯಾಮಿನ (ಇಂದಿನ ಥಾಯ್ಲೆಂಡಿನ) ದೊರೆ ಮೊಂಗ್‌ಕುಟ್ ಅವರ ಮಕ್ಕಳಿಗೂ ರಾಣೀವಾಸದ ಹೆಂಗಸರಿಗೂ ಇಂಗ್ಲಿಷ್ ಕಲಿಸಿದರು. ಅಲ್ಲಿಂದ ಅಮೆರಿಕಕ್ಕೆ ಹೋದ ಮೇಲೆ ಆ ಐದು ವರ್ಷಗಳನ್ನು ಕುರಿತು ಎರಡು ಪುಸ್ತಕ ಬರೆದರು: 1870ರಲ್ಲಿ ‘ದಿ ಇಂಗ್ಲಿಷ್ ಗವರ್ನೆಸ್ ಅಟ್ ದಿ ಸಯಾಮೀಸ್ ಕೋರ್ಟ್’, 1873ರಲ್ಲಿ ‘ದಿ ರೊಮ್ಯಾನ್ಸ್ ಆಫ್ ದಿ ಹರೆಮ್’. ಅವರ ಕಥೆಯನ್ನು ನಾಟಕವಾಗಿಯೋ ಸಿನಿಮಾವಾಗಿಯೋ ಕಂಡವರು ಬಹಳ ಮಂದಿ, ಅವರು ಬರೆದದ್ದನ್ನೇ ಓದಿದವರು ಕಡಿಮೆ. ಓದಿದವರಲ್ಲೂ ಕೆಲವರು ಅದರ ಪ್ರತಿಯೊಂದು ಮಾತನ್ನೂ ನಂಬಿದರು. ಇನ್ನು ಕೆಲವರು, ಲೇಖಕಿ ತಮ್ಮ ಹುಟ್ಟಿನ ವಿಷಯದಲ್ಲೇ ಸುಳ್ಳು ಹೇಳಿದ್ದಾರೆಂದು ತಿಳಿದ ಕೂಡಲೇ ಇಡೀ ಪುಸ್ತಕವನ್ನು ಮೂಲೆಗೆ ಸರಿಸಿದರು. ಈ ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ನಷ್ಟವೇ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಬರಹಗಳನ್ನು ಸರಿಯಾದ ಕ್ರಮದಲ್ಲಿ ಪರೀಕ್ಷಿಸುತ್ತ ಓದಿದರೆ ಕಲ್ಪಿತ ಕಥೆಗಿಂತ ಹೆಚ್ಚು ಧೈರ್ಯದ, ಹೆಚ್ಚು ಸಂಕಟದ ಒಂದು ನಿಜವಾದ ಬದುಕು ಕಾಣುತ್ತದೆ. ಆ ಕ್ರಮವನ್ನು ವಿದ್ಯಾರ್ಥಿಗಳಿಗೂ ಆಸಕ್ತ ಓದುಗರಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸುತ್ತೇನೆ.

ಹಕ್ಕುಸ್ವಾಮ್ಯ ತೀರಿರುವುದರಿಂದ ಮೊದಲ ಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರ ಜೊತೆಗೆ ಬ್ಯಾಂಕಾಕ್ ಅರಮನೆಯ ಒಂದು ನಕ್ಷೆ, ಇಸವಿಗಳನ್ನು ಬರೆದುಕೊಳ್ಳಲು ಒಂದು ನೋಟ್‌ಬುಕ್ ಇದ್ದರೆ ಸಾಕು.

ರಂಗಭೂಮಿಯನ್ನೂ ಸಿನಿಮಾವನ್ನೂ ಮೊದಲು ದೂರವಿಡಿ

1944ರಲ್ಲಿ ಅನ್ನಾ ಅವರ ಪುಸ್ತಕಗಳನ್ನು ಆಧರಿಸಿದ ಒಂದು ಕಾದಂಬರಿ ಬಂತು. ಆ ಕಾದಂಬರಿಯಿಂದ 1951ರಲ್ಲಿ ಒಂದು ಸಂಗೀತ ನಾಟಕವೂ, ಆ ನಾಟಕದಿಂದ 1956ರಲ್ಲಿ ಒಂದು ಚಲನಚಿತ್ರವೂ ಹುಟ್ಟಿದವು. ಹೀಗೆ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಪ್ರತಿ ಹಂತದಲ್ಲೂ ಹೊಸ ಬಣ್ಣ ಸೇರಿತು. ದೊರೆಗೂ ಶಿಕ್ಷಕಿಗೂ ನಡುವೆ ಒಲವಿತ್ತೆಂಬ ಸೂಚನೆ ಅನ್ನಾ ಅವರ ಬರಹದಲ್ಲಿ ಎಲ್ಲಿಯೂ ಇಲ್ಲ. ಥಾಯ್ಲೆಂಡಿನಲ್ಲಿ ಆ ಚಿತ್ರವನ್ನು ನಿಷೇಧಿಸಿದ್ದಕ್ಕೆ ದೊರೆಯನ್ನು ಒರಟನಂತೆಯೂ ನಗೆಪಾಟಲಿನವನಂತೆಯೂ ತೋರಿಸಿದ್ದೇ ಮುಖ್ಯ ಕಾರಣ. ಇಪ್ಪತ್ತೇಳು ವರ್ಷ ಬೌದ್ಧ ಭಿಕ್ಷುವಾಗಿದ್ದ, ಪಾಳಿ ಮತ್ತು ಲ್ಯಾಟಿನ್ ಬಲ್ಲ, ಖಗೋಳ ಗಣಿತದಲ್ಲಿ ಪಳಗಿದ ವಿದ್ವಾಂಸರೊಬ್ಬರನ್ನು ಹಾಗೆ ಚಿತ್ರಿಸಿದರೆ ಅವರ ದೇಶದವರಿಗೆ ನೋವಾಗುವುದು ಸಹಜ.

ಜನಪ್ರಿಯ ಕಥೆಯನ್ನು ಪರೀಕ್ಷಿಸಲು ಇಸವಿಗಳನ್ನು ಹೊಂದಿಸಿ ನೋಡುವುದು ಎಲ್ಲಕ್ಕಿಂತ ಸುಲಭವಾದ ಉಪಾಯ. ಅಮೆರಿಕದ ಅಧ್ಯಕ್ಷರಿಗೆ ದೊರೆ ಮೊಂಗ್‌ಕುಟ್ ಆನೆಗಳನ್ನು ಕೊಡಮುಂದಾದ ಪ್ರಸಂಗವನ್ನು ಅನ್ನಾ ಅವರ ಕಾಲಕ್ಕೆ ಸೇರಿಸಿ ಹೇಳುವುದುಂಟು. ಆದರೆ ದೊರೆಯ ಪತ್ರದ ತಾರೀಖು 14 ಫೆಬ್ರವರಿ 1861; ಅದಕ್ಕೆ ಲಿಂಕನ್ ಬರೆದ ಉತ್ತರದ ತಾರೀಖು 3 ಫೆಬ್ರವರಿ 1862. ಅನ್ನಾ ಬ್ಯಾಂಕಾಕ್‌ನಲ್ಲಿ ಇಳಿದದ್ದು ಆ ಉತ್ತರ ಬರೆದು ಒಂದು ತಿಂಗಳು ಕಳೆದ ಮೇಲೆ. ಎರಡು ತಾರೀಖುಗಳನ್ನು ಅಕ್ಕಪಕ್ಕ ಬರೆದುಕೊಂಡ ಕ್ಷಣವೇ ಆ ಪ್ರಸಂಗದಲ್ಲಿ ಶಿಕ್ಷಕಿಗೆ ಪಾತ್ರವಿರಲಿಲ್ಲವೆಂಬುದು ತಿಳಿಯುತ್ತದೆ. ನೋಟ್‌ಬುಕ್ಕಿನ ಮೊದಲ ಪುಟವನ್ನು ಇಂಥ ತಾರೀಖುಗಳಿಗೇ ಮೀಸಲಿಡಿ.

ಗವರ್ನೆಸ್ ಎಂಬ ಕೆಲಸವನ್ನೂ ಆ ಕೆಲಸ ಕೊಟ್ಟವರನ್ನೂ ಅರಿಯಿರಿ

1851ರ ಜನಗಣತಿಯ ಹೊತ್ತಿಗೆ ಬ್ರಿಟನ್ನಿನಲ್ಲಿ ಸುಮಾರು 25,000 ಗವರ್ನೆಸ್‌ಗಳಿದ್ದರು. ಮಧ್ಯಮ ವರ್ಗದ ಹೆಣ್ಣುಮಗಳೊಬ್ಬಳು ತಂದೆಯನ್ನೋ ಗಂಡನನ್ನೋ ಕಳೆದುಕೊಂಡು ಬಡತನಕ್ಕೆ ಬಿದ್ದಾಗ, ಮರ್ಯಾದೆಗೆ ಕುಂದಿಲ್ಲದೆ ದುಡಿಯಲು ಅವಳಿಗೆ ಉಳಿದಿದ್ದ ಕೆಲವೇ ದಾರಿಗಳಲ್ಲಿ ಇದು ಒಂದು. ಯಜಮಾನರ ಮನೆಯಲ್ಲೇ ಇದ್ದರೂ ಅವಳು ಮನೆಯವಳಲ್ಲ. ಸಂಬಳ ಪಡೆದರೂ ಆಳುಗಳ ಸಾಲಿಗೆ ಸೇರಿದವಳಲ್ಲ. ವಸತಿ ಮತ್ತು ಊಟದ ಜೊತೆಗೆ ವರ್ಷಕ್ಕೆ ಇಪ್ಪತ್ತರಿಂದ ನಲವತ್ತೈದು ಪೌಂಡ್ ಸಿಗುತ್ತಿತ್ತು. ಅನ್ನಾ ಅವರಿಗೆ ಸಯಾಮಿನ ದೊರೆ ಗೊತ್ತುಮಾಡಿದ್ದು ತಿಂಗಳಿಗೆ ನೂರು ಡಾಲರ್ ಸಂಬಳ ಮತ್ತು ವಾಸಕ್ಕೆ ಒಂದು ಮನೆ. ಸಿಂಗಪುರದಲ್ಲಿ ಆಗ ನಡೆಯುತ್ತಿದ್ದ ಡಾಲರಿನ ಬೆಲೆ ನಾಲ್ಕು ಷಿಲಿಂಗಿಗಿಂತ ತುಸು ಹೆಚ್ಚಾಗಿದ್ದುದರಿಂದ, ಇಂಗ್ಲೆಂಡಿನ ಅನೇಕ ಗವರ್ನೆಸ್‌ಗಳು ವರ್ಷವಿಡೀ ದುಡಿದು ಪಡೆಯುತ್ತಿದ್ದಷ್ಟು ಹಣ ಇವರ ಕೈಗೆ ಒಂದೇ ತಿಂಗಳಲ್ಲಿ ಬರುತ್ತಿತ್ತು. ಇಬ್ಬರು ಮಕ್ಕಳನ್ನು ಸಾಕಬೇಕಾಗಿದ್ದ ವಿಧವೆಯೊಬ್ಬರು ಅಷ್ಟು ದೂರದ ಅರಮನೆಗೆ ಹೋಗಲು ಒಪ್ಪಿದ್ದನ್ನು ಸಾಹಸಪ್ರಿಯತೆಯೆಂದು ಮಾತ್ರ ಓದಬಾರದೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಕೆಲಸ ಕೊಟ್ಟವರು ಯಾರು, ಯಾವ ಉದ್ದೇಶದಿಂದ ಕೊಟ್ಟರು ಎಂಬ ಪ್ರಶ್ನೆಯನ್ನು ಅರಮನೆಯ ಶಿಕ್ಷಕರ ವಿಷಯದಲ್ಲಿ ತಪ್ಪದೆ ಕೇಳಬೇಕು. ನಮ್ಮ ಮೈಸೂರಿನ ಅರಮನೆಯಲ್ಲೂ ಎಳೆಯ ಮಹಾರಾಜರಿಗೆ ಇಂಗ್ಲಿಷರು ಪಾಲಕರಾಗಿಯೂ ಶಿಕ್ಷಕರಾಗಿಯೂ ಇದ್ದರು; ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಮ್ಯಾಲಿಸನ್, ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಸ್ಟುವರ್ಟ್ ಫ್ರೇಸರ್. ಅವರನ್ನು ನೇಮಿಸಿದ್ದು ಬ್ರಿಟಿಷ್ ಸರ್ಕಾರ. ಅವರು ಉತ್ತರ ಕೊಡಬೇಕಾಗಿದ್ದುದೂ ಆ ಸರ್ಕಾರಕ್ಕೇ. ಸಯಾಮಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಸ್ವತಂತ್ರ ದೊರೆಯೊಬ್ಬರು ತಮ್ಮ ಸಿಂಗಪುರದ ಪ್ರತಿನಿಧಿ ತಾನ್ ಕಿಮ್ ಚಿಂಗ್ ಅವರ ಮೂಲಕ ಹುಡುಕಿಸಿ, ತಮ್ಮ ಬೊಕ್ಕಸದಿಂದ ಸಂಬಳ ಕೊಟ್ಟು, ತಮಗೆ ಬೇಕಾದ ವಿದ್ಯೆಯನ್ನು ಮಾತ್ರ ಕೊಂಡರು. ಅನ್ನಾ ಅವರ ಪುಸ್ತಕದಲ್ಲಿ ಈ ಅಧಿಕಾರದ ದಿಕ್ಕು ಆಗಾಗ ಮರೆಯಾಗುತ್ತದೆ. ಓದುವವರು ಅದನ್ನು ಮರೆಯಬಾರದು.

ದೊರೆಗೆ ಏನು ಬೇಕಾಗಿತ್ತೆಂಬುದು 1862ರ ಫೆಬ್ರವರಿ 26ರಂದು ಅವರು ಅನ್ನಾ ಅವರಿಗೆ ಬರೆದ ಪತ್ರದಲ್ಲೇ ಸ್ಪಷ್ಟವಾಗಿದೆ. ತಮ್ಮ ಮಕ್ಕಳಿಗೆ ಇಂಗ್ಲಿಷ್ ಭಾಷೆ, ವಿಜ್ಞಾನ, ಸಾಹಿತ್ಯಗಳನ್ನು ಕಲಿಸಬೇಕು, ಆದರೆ ಕ್ರೈಸ್ತ ಮತಕ್ಕೆ ಸೆಳೆಯುವ ಪ್ರಯತ್ನ ಕೂಡದು, ಸತ್ಯ ಮತ್ತು ಸದ್ಗುಣಗಳ ಬಲವನ್ನು ಕ್ರಿಸ್ತನ ಅನುಯಾಯಿಗಳಂತೆಯೇ ಬುದ್ಧನ ಅನುಯಾಯಿಗಳೂ ಬಲ್ಲರು ಎಂಬುದು ಅದರ ಸಾರ. ಇಷ್ಟು ಕಡ್ಡಾಯವಾಗಿ ಬರೆಯಲು ಹಿನ್ನೆಲೆಯಿತ್ತು. ಮೊಂಗ್‌ಕುಟ್ ಪಟ್ಟಕ್ಕೆ ಬಂದ 1851ರಲ್ಲಿಯೇ ಅಮೆರಿಕನ್ ಮಿಷನರಿಗಳ ಪತ್ನಿಯರನ್ನು ಪಾಠಕ್ಕೆ ಕರೆಸಿದ್ದರು. ಅವರು ಪಾಠದ ನೆಪದಲ್ಲಿ ಮತಬೋಧನೆಗೆ ತೊಡಗಿದ್ದರಿಂದ ಕೆಲವು ವರ್ಷಗಳಲ್ಲೇ ಆ ವ್ಯವಸ್ಥೆ ನಿಂತುಹೋಯಿತು. ಅರಮನೆಯ ಹೊರಗಿನ ಪರಿಸ್ಥಿತಿಯೂ ಆತಂಕದ್ದೇ ಆಗಿತ್ತು. ಪಶ್ಚಿಮದಲ್ಲಿ ಬ್ರಿಟಿಷರು 1852ರ ಯುದ್ಧದಲ್ಲಿ ಬರ್ಮಾದ ಕೆಳಭಾಗವನ್ನು ನುಂಗಿದ್ದರು. ಪೂರ್ವದಲ್ಲಿ ಫ್ರೆಂಚರು 1859ರಲ್ಲಿ ಸೈಗಾನ್ ಹಿಡಿದಿದ್ದರು. 1855ರ ಬೌರಿಂಗ್ ಒಪ್ಪಂದ ಸಯಾಮಿನ ವ್ಯಾಪಾರವನ್ನು ಬ್ರಿಟನ್ನಿಗೆ ತೆರೆದಿತ್ತು. ಪರಂಗಿಗಳೊಡನೆ ಅವರದೇ ಭಾಷೆಯಲ್ಲಿ ವ್ಯವಹರಿಸಬಲ್ಲ ಪೀಳಿಗೆಯೊಂದನ್ನು ಬೆಳೆಸುವುದು ದೇಶ ಉಳಿಸಿಕೊಳ್ಳುವ ಉಪಾಯಗಳಲ್ಲಿ ಒಂದಾಗಿತ್ತು. ಆ ಶಾಲೆಯನ್ನು ಈ ಹಿನ್ನೆಲೆಯಲ್ಲಿ ನೋಡಿದಾಗ ಮಾತ್ರ ದೊರೆಯ ಅವಸರವೂ ಹಟವೂ ಅರ್ಥವಾಗುತ್ತವೆ.

ಜನ್ಮವೃತ್ತಾಂತವನ್ನು ಎರಡು ಕಾಲಂಗಳಲ್ಲಿ ಬರೆದುಕೊಳ್ಳಿ

ಅನ್ನಾ ತಮ್ಮ ಬಗ್ಗೆ ಹೇಳಿಕೊಂಡದ್ದನ್ನು ಎಡಗಡೆಯ ಕಾಲಂನಲ್ಲಿ ಬರೆಯಿರಿ. ಹುಟ್ಟಿದ್ದು 1834ರಲ್ಲಿ, ವೇಲ್ಸ್‌ನ ಕರ್ನಾರ್‌ವನ್‌ನಲ್ಲಿ. ಮನೆತನದ ಹೆಸರು ಕ್ರಾಫರ್ಡ್. ಗಂಡ ಸೈನ್ಯದ ಮೇಜರ್, ಹುಲಿ ಬೇಟೆಗೆ ಹೋಗಿ ಬಿಸಿಲಿನ ಹೊಡೆತಕ್ಕೆ ಸಿಕ್ಕಿ ತೀರಿಕೊಂಡವರು. ಕುಟುಂಬದ ಆಸ್ತಿ 1857ರ ದಂಗೆಯ ಕಾಲದಲ್ಲಿ ಬ್ಯಾಂಕು ಮುಳುಗಿ ಕೈಬಿಟ್ಟುಹೋಯಿತು.

ಬಲಗಡೆಯ ಕಾಲಂನಲ್ಲಿ ದಾಖಲೆಗಳು ಹೇಳುವುದನ್ನು ಬರೆಯಿರಿ. ಅವರು ಹುಟ್ಟಿದ್ದು 1831ರ ನವೆಂಬರ್‌ನಲ್ಲಿ, ಮುಂಬಯಿ ಪ್ರಾಂತ್ಯದ ಅಹಮದ್‌ನಗರದಲ್ಲಿ. ತಂದೆ ಥಾಮಸ್ ಎಡ್ವರ್ಡ್ಸ್ ಮರಗೆಲಸದ ಕಸುಬಿನಿಂದ ಬಂದು ಈಸ್ಟ್ ಇಂಡಿಯಾ ಕಂಪನಿಯ ಸ್ಯಾಪರ್ಸ್ ಆ್ಯಂಡ್ ಮೈನರ್ಸ್ ಎಂಬ ಎಂಜಿನಿಯರಿಂಗ್ ಪಡೆ ಸೇರಿ ಸಾರ್ಜೆಂಟ್ ಆಗಿದ್ದವರು. ಮಗಳು ಹುಟ್ಟುವ ಮೊದಲೇ ತೀರಿಕೊಂಡರು. ತಾಯಿ ಮೇರಿ ಆ್ಯನ್ ಗ್ಲ್ಯಾಸ್ಕಾಟ್; ಅವರ ತಾಯಿ ಭಾರತೀಯ ಮೂಲದವರಿದ್ದಿರಬಹುದೆಂದು ಸಂಶೋಧಕರು ಊಹಿಸುತ್ತಾರೆ. ಅನ್ನಾ 1849ರ ಕ್ರಿಸ್‌ಮಸ್ ದಿನ ಪುಣೆಯಲ್ಲಿ ಮದುವೆಯಾದದ್ದು ಥಾಮಸ್ ಲಿಯೊನ್ ಓವೆನ್ಸ್ ಎಂಬ ಗುಮಾಸ್ತರನ್ನು. ಆ ದಂಪತಿ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಹೋಗಿ ಕೆಲವು ವರ್ಷ ಕಷ್ಟದಲ್ಲಿ ಕಳೆದರು. ಮೊದಲ ಎರಡು ಮಕ್ಕಳು ಎಳವೆಯಲ್ಲೇ ತೀರಿಕೊಂಡರು. ಆಮೇಲೆ ಏವಿಸ್ ಮತ್ತು ಲೂಯಿ ಹುಟ್ಟಿದರು. ಗಂಡ ಪೆನಾಂಗ್‌ನಲ್ಲಿ ಹೋಟೆಲ್ ನಡೆಸುತ್ತಿದ್ದಾಗ 1859ರಲ್ಲಿ ತೀರಿಕೊಂಡರು. ಸಿಂಗಪುರದಲ್ಲಿ ಅಧಿಕಾರಿಗಳ ಮಕ್ಕಳಿಗಾಗಿ ಒಂದು ಚಿಕ್ಕ ಶಾಲೆ ತೆರೆದು ಜೀವನ ಸಾಗಿಸುತ್ತಿದ್ದಾಗ ಬ್ಯಾಂಕಾಕ್‌ನ ಕರೆ ಬಂತು. ಏವಿಸ್‌ಳನ್ನು ಇಂಗ್ಲೆಂಡಿನ ಶಾಲೆಗೆ ಕಳಿಸಿ, ಲೂಯಿಯನ್ನು ಮಾತ್ರ ಜೊತೆಗೆ ಕರೆದೊಯ್ದರು.

ಈ ಸತ್ಯ ಹೊರಬಿದ್ದದ್ದು 1970ರ ದಶಕದಲ್ಲಿ. ಜೇಡಗಳ ಅಧ್ಯಯನದಲ್ಲಿ ಹೆಸರು ಮಾಡಿದ್ದ ಡಬ್ಲ್ಯು. ಎಸ್. ಬ್ರಿಸ್ಟೊ ಎಂಬ ಬ್ರಿಟಿಷ್ ವಿಜ್ಞಾನಿ, ಲೂಯಿ ಲಿಯೊನೊವೆನ್ಸ್ ಅವರ ಚರಿತ್ರೆಯನ್ನು ಬರೆಯಲು ಹೊರಟು ಅವರ ಜನನ ದಾಖಲೆಯನ್ನು ಲಂಡನ್ನಿನಲ್ಲಿ ಹುಡುಕಿದಾಗ ಅದು ಸಿಗಲಿಲ್ಲ. ಹುಡುಕಾಟ ತಾಯಿಯ ಕಡೆಗೆ ತಿರುಗಿ, ಕೊನೆಗೆ ಅಹಮದ್‌ನಗರಕ್ಕೆ ಬಂದು ನಿಂತಿತು. ಇಂಥ ಹುಡುಕಾಟಕ್ಕೆ ಬೇಕಾಗುವ ಚರ್ಚ್ ದಾಖಲೆಗಳು, ಅಂದರೆ ಕಂಪನಿ ಕಾಲದ ನಾಮಕರಣ, ಮದುವೆ ಮತ್ತು ಸಮಾಧಿಯ ಪಟ್ಟಿಗಳು, ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ಪ್ರಾಂತ್ಯವಾರು ಜೋಡಿಸಲ್ಪಟ್ಟಿವೆ. ನಮ್ಮ ಕಡೆಯ ದಂಡುಪ್ರದೇಶಗಳಲ್ಲಿ ಬದುಕಿದ ಇಂಥ ಕುಟುಂಬಗಳನ್ನು ಹುಡುಕುವವರು ಬೆಂಗಳೂರು, ಬಳ್ಳಾರಿಗಳಿಗೆ ಮದ್ರಾಸ್ ಪ್ರಾಂತ್ಯದ ಪಟ್ಟಿಗಳನ್ನೂ, ಬೆಳಗಾವಿ, ಧಾರವಾಡಗಳಿಗೆ ಮುಂಬಯಿ ಪ್ರಾಂತ್ಯದ ಪಟ್ಟಿಗಳನ್ನೂ ನೋಡಬೇಕು.

ಎರಡು ಕಾಲಂಗಳು ಸಿದ್ಧವಾದ ಮೇಲೆ ತೀರ್ಪು ಕೊಡಲು ಆತುರಪಡಬೇಡಿ. ಕಂಪನಿಯ ಸೇನೆಯಲ್ಲಿ ಸಾರ್ಜೆಂಟನ ಮಗಳು ಅಧಿಕಾರಿಯ ಮನೆಯ ಹೆಂಗಸರೊಡನೆ ಸಮನಾಗಿ ಕೂರುವಂತಿರಲಿಲ್ಲ. ಮಿಶ್ರ ರಕ್ತದ ಗುಮಾನಿ ಸುಳಿದರೂ ಸಾಕು, ಇಂಗ್ಲಿಷ್ ಅಧಿಕಾರಿಗಳು ತಮ್ಮ ಮಕ್ಕಳನ್ನು ಅವಳ ಶಾಲೆಗೆ ಕಳಿಸುತ್ತಿರಲಿಲ್ಲ. ಗಂಡನಿಲ್ಲದೆ, ಆಸ್ತಿಯಿಲ್ಲದೆ, ಎರಡು ಮಕ್ಕಳೊಡನೆ ನಿಂತಿದ್ದ ಇಪ್ಪತ್ತೇಳರ ಹೆಂಗಸು ತನ್ನ ಹುಟ್ಟನ್ನು ವೇಲ್ಸ್‌ಗೆ ಸಾಗಿಸಿಕೊಂಡದ್ದು ಮಕ್ಕಳಿಗೆ ಅನ್ನ ಹುಟ್ಟಿಸುವ ದಾರಿಯಾಗಿತ್ತು. ಆ ಗುಟ್ಟನ್ನು ಬದುಕಿರುವವರೆಗೂ ಕಾಪಾಡಬೇಕಾಗಿದ್ದುದರಿಂದ ತಾಯಿಯ ಮನೆಯವರ ಸಂಪರ್ಕವನ್ನೂ ಅವರು ಕಡಿದುಕೊಂಡರು. ಆ ಬೆಲೆ ಚಿಕ್ಕದಲ್ಲ. ಹುಟ್ಟಿನ ಬಗ್ಗೆ ಹೇಳಿದ ಸುಳ್ಳು ಅರಮನೆಯ ಬಗ್ಗೆ ಬರೆದದ್ದನ್ನೆಲ್ಲ ಸುಳ್ಳಾಗಿಸುವುದಿಲ್ಲ. ಪ್ರತಿಯೊಂದು ಮಾತನ್ನೂ ಅದರದೇ ಸಾಕ್ಷ್ಯದ ಮೇಲೆ ತೂಗಿ ನೋಡಬೇಕು.

ಅರಮನೆಯ ಅಧ್ಯಾಯಗಳಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸಿ

ಓದಿನ ತಿರುಳು ಇರುವುದು ಇಲ್ಲಿ. ಮೊದಲ ಪುಸ್ತಕವನ್ನು ಓದುವಾಗ ಪೆನ್ಸಿಲ್ ಹಿಡಿದು, ಪ್ರತಿ ಪ್ರಸಂಗದ ಪಕ್ಕದಲ್ಲಿ ಮೂರು ಗುರುತುಗಳಲ್ಲಿ ಒಂದನ್ನು ಹಾಕುತ್ತ ಹೋಗಿ: ಲೇಖಕಿ ಸ್ವತಃ ಕಂಡದ್ದು, ಅರಮನೆಯಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದು, ಬೇರೆಯವರ ಪುಸ್ತಕದಿಂದ ತೆಗೆದುಕೊಂಡದ್ದು. ಮೂರನೆಯ ಬಗೆಗೆ ಸುಲಭವಾದ ಉದಾಹರಣೆ ಕಾಂಬೋಡಿಯಾದ ಪುರಾತನ ದೇಗುಲಗಳ ನೆಲೆಯಾದ ಆಂಗ್ಕೋರ್‌ನ ಅಧ್ಯಾಯಗಳು. ಫ್ರೆಂಚ್ ಪ್ರವಾಸಿ ಹೆನ್ರಿ ಮುಯೊ ಅವರ ವಿವರಣೆಗಳಿಗೆ ಅವು ತೀರ ಹತ್ತಿರವಾಗಿರುವುದನ್ನು ವಿದ್ವಾಂಸರು ತೋರಿಸಿದ್ದಾರೆ. ಆ ಪುಟಗಳನ್ನು ಬೇಗ ದಾಟಿ ಮುಂದೆ ಹೋದರೆ ನಷ್ಟವಿಲ್ಲ.

ಮೊದಲನೆಯ ಬಗೆಯ ಪುಟಗಳು ಮಾತ್ರ ಅಮೂಲ್ಯ. ಬ್ಯಾಂಕಾಕ್ ಅರಮನೆಯ ಒಳಭಾಗ ಗೋಡೆಯೊಳಗಿನ ಒಂದು ಹೆಂಗಸರ ಊರಾಗಿತ್ತು. ದೊರೆಯ ರಾಣಿಯರು, ಅವರ ಮಕ್ಕಳು, ಸೇವಕಿಯರು, ಅಡುಗೆಯವರು, ದಾಸಿಯರು ಎಲ್ಲರೂ ಅಲ್ಲಿದ್ದರು. ಬಾಗಿಲು ಕಾಯುವವರೂ ಹೆಂಗಸರೇ, ತಪ್ಪು ವಿಚಾರಿಸಿ ದಂಡ ವಿಧಿಸುವವರೂ ಹೆಂಗಸರೇ. ದೊರೆ ಮತ್ತು ಎಳೆಯ ರಾಜಕುಮಾರರನ್ನು ಬಿಟ್ಟರೆ ಗಂಡಸರಿಗೆ ಸಾಮಾನ್ಯವಾಗಿ ಅಲ್ಲಿ ಪ್ರವೇಶವಿರಲಿಲ್ಲ. ಬ್ಯಾಂಕಾಕ್‌ನಲ್ಲಿ ದಶಕಗಟ್ಟಲೆ ಬಾಳಿದ ಮಿಷನರಿ ಡ್ಯಾನ್ ಬೀಚ್ ಬ್ರ್ಯಾಡ್ಲಿ ಅವರಂಥವರೂ ದೂರದಿಂದ ಊಹಿಸಬೇಕಾಗಿದ್ದ ಆ ಜಗತ್ತಿಗೆ ಅನ್ನಾ ಪಾಠಕ್ಕೆಂದು ವರ್ಷಗಟ್ಟಲೆ ಹೋಗಿ ಬರುತ್ತಿದ್ದರು. ಆದ್ದರಿಂದ ಆ ಹೆಂಗಸರು ಹೇಗೆ ಕೂರುತ್ತಿದ್ದರು, ಪಾಠಕ್ಕೆ ಬಂದವರು ಹೇಗೆ ಬೇಸತ್ತು ಬಿಟ್ಟುಹೋದರು, ಹಟ ಹಿಡಿದು ಕಲಿತವರು ಯಾರು ಎಂಬ ವಿವರಗಳನ್ನು ನಿಧಾನವಾಗಿ ಓದಬೇಕು. ದೊರೆಗೆ 82 ಮಕ್ಕಳೆಂಬ ಸಂಖ್ಯೆಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದು ಅವರ ಜೀವಮಾನದ ಒಟ್ಟು ಲೆಕ್ಕ. ಭಿಕ್ಷುವಾಗುವ ಮೊದಲೇ ಹುಟ್ಟಿದ್ದ ಹಿರಿಯ ಗಂಡುಮಕ್ಕಳೂ ಅದರಲ್ಲಿ ಸೇರಿದ್ದಾರೆ. ತರಗತಿಯಲ್ಲಿ ಕೂತ ಮಕ್ಕಳ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ.

ಕೆಲಸದ ದಿನಚರಿಯನ್ನು ಕುರಿತ ಪ್ರಸಂಗಗಳಲ್ಲಿ ವಸತಿಯ ಜಗಳವನ್ನು ವಿಶೇಷವಾಗಿ ಗಮನಿಸಿ. ‘ಚೌ ಫ್ಯಾ’ ಎಂಬ ಹಡಗಿನಿಂದ ಇಳಿದ ರಾತ್ರಿ ತಂಗಲು ಏರ್ಪಾಡೇ ಇರಲಿಲ್ಲವೆಂದು ಅವರು ಬರೆಯುತ್ತಾರೆ. ಆಮೇಲೆ ಕ್ರಲಾಹೋಮ್ ಎಂಬ ಪದವಿಯಲ್ಲಿದ್ದ ಪ್ರಧಾನ ಮಂತ್ರಿಯ ಮನೆಯಲ್ಲಿ ಬಹಳ ಕಾಲ ಉಳಿಯಬೇಕಾಯಿತು. ಅರಮನೆಯ ಒಳಗೇ ಇರಬೇಕೆಂದು ದೊರೆ ಹೇಳಿದರೆ, ಸಂಜೆಗೆ ಬಾಗಿಲು ಮುಚ್ಚುವ ಗೋಡೆಯೊಳಗೆ ಇರಲಾರೆನೆಂದು ಶಿಕ್ಷಕಿ ಹೇಳಿದರು. ಇದು ಬರಿಯ ಸೌಕರ್ಯದ ಜಗಳವಲ್ಲ. ಒಳಗೆ ನೆಲೆಸಿದ ಹೆಣ್ಣು ರಾಣೀವಾಸದ ಕಟ್ಟುಪಾಡಿಗೆ ಸೇರಿದವಳೆಂದು ಎಣಿಸಲ್ಪಡುವ ಸಾಧ್ಯತೆಯಿತ್ತು. ಹೊರಗೆ ಮನೆ ಮಾಡಿದವಳು ಸಂಬಳಕ್ಕೆ ಬಂದ ಸ್ವತಂತ್ರ ಹೆಂಗಸು. ಆ ಒಂದು ಗೋಡೆಯ ಹೊರಗೆ ಉಳಿಯಲು ಅವರು ಪಟ್ಟ ಪಾಡನ್ನು ನಾನು ಇಡೀ ಪುಸ್ತಕದ ಅತ್ಯಂತ ನಂಬಲರ್ಹ ಪ್ರಸಂಗಗಳಲ್ಲಿ ಒಂದೆಂದು ಎಣಿಸುತ್ತೇನೆ. ಇದರ ಜೊತೆಗೆ ದೊರೆ ಹೊತ್ತುಗೊತ್ತಿಲ್ಲದೆ ಹೇಳಿಕಳಿಸಿ ಇಂಗ್ಲಿಷ್ ಪತ್ರಗಳನ್ನು ತಿದ್ದಿಸುತ್ತಿದ್ದುದು, ಶಿಕ್ಷಕಿಯ ಕೆಲಸಕ್ಕೆ ಕಾರ್ಯದರ್ಶಿಯ ಕೆಲಸವೂ ಸಂಬಳವಿಲ್ಲದೆ ಸೇರಿಕೊಂಡದ್ದು, ದೊರೆಯ ಬಳಿ ಮಾತಾಡಬಲ್ಲವಳೆಂಬ ಸುದ್ದಿ ಹರಡಿ ನೊಂದವರು ಅಹವಾಲು ಹಿಡಿದು ಅವರ ಬಾಗಿಲಿಗೆ ಬಂದದ್ದು, ಇವುಗಳನ್ನೂ ಒಟ್ಟಿಗೆ ಗುರುತಿಸಿಕೊಳ್ಳಿ. ಐದು ವರ್ಷದಲ್ಲಿ ಅವರ ಆರೋಗ್ಯ ಕೆಟ್ಟದ್ದಕ್ಕೆ ಕಾರಣ ಅಲ್ಲಿ ಸಿಗುತ್ತದೆ.

ಇಬ್ಬರು ಶಿಷ್ಯರನ್ನು ಬಿಡದೆ ಹಿಂಬಾಲಿಸಿ. ಒಬ್ಬಳು ‘ಫಾ ಯಿಂಗ್’ ಎಂದು ಎಲ್ಲರೂ ಕರೆಯುತ್ತಿದ್ದ ರಾಜಕುಮಾರಿ ಚಾನ್ಥೊನ್‌ಮೊಂಥೊನ್. ದೊರೆಯ ಅಚ್ಚುಮೆಚ್ಚಿನ ಈ ಮಗಳು ಎಂಟು ವರ್ಷದವಳಿದ್ದಾಗ, 1863ರ ಮೇ ತಿಂಗಳಲ್ಲಿ, ಕಾಲರಾದಿಂದ ತೀರಿಕೊಂಡಳು. ಮಗಳ ಸಾವನ್ನು ತಿಳಿಸಿ ದೊರೆ ಇಂಗ್ಲಿಷಿನಲ್ಲಿ ಬರೆದ ಪತ್ರವೂ ಇರುವುದರಿಂದ, ಒಂದೇ ದುಃಖವನ್ನು ತಂದೆಯ ಮಾತಿನಲ್ಲೂ ಶಿಕ್ಷಕಿಯ ಮಾತಿನಲ್ಲೂ ಓದುವ ಅಪರೂಪದ ಅವಕಾಶ ಇಲ್ಲಿದೆ. ಇನ್ನೊಬ್ಬರು ಸೋನ್‌ಕ್ಲಿನ್ ಎಂಬ ಮೋನ್ ಜನಾಂಗ ಮೂಲದ ರಾಣಿ. ಅಮೆರಿಕದ ಗುಲಾಮಗಿರಿಯನ್ನು ಕುರಿತ ಹ್ಯಾರಿಯೆಟ್ ಬೀಚರ್ ಸ್ಟೋ ಅವರ ಕಾದಂಬರಿಯನ್ನು ಓದಿ ಮನಕರಗಿದ ಇವರು ತಮ್ಮ ದಾಸರನ್ನು ಬಿಡುಗಡೆ ಮಾಡಿದರು, ಪತ್ರಗಳಲ್ಲಿ ಆ ಲೇಖಕಿಯ ಹೆಸರನ್ನು ತಮ್ಮ ಹೆಸರಿನೊಂದಿಗೆ ಸೇರಿಸಿ ಸಹಿ ಹಾಕುತ್ತಿದ್ದರು ಎಂದು ಅನ್ನಾ ದಾಖಲಿಸಿದ್ದಾರೆ. ಒಂದು ಪಾಠದಿಂದ ಏನು ಸಾಧ್ಯವೆಂದು ಕೇಳುವವರಿಗೆ ನಾನು ತೋರಿಸುವುದು ಈ ಪುಟಗಳನ್ನೇ.

ಎರಡನೆಯ ಪುಸ್ತಕವನ್ನು ಎಚ್ಚರದಿಂದ ತೆರೆಯಿರಿ

1873ರ ಪುಸ್ತಕದಲ್ಲಿ ಟುಪ್‌ಟಿಮ್ ಎಂಬ ಯುವತಿಯ ಕಥೆಯಿದೆ. ರಾಣೀವಾಸದಿಂದ ತಪ್ಪಿಸಿಕೊಂಡ ಅವಳನ್ನೂ, ಅವಳು ಒಲಿದಿದ್ದ ಭಿಕ್ಷುವನ್ನೂ ಚಿತ್ರಹಿಂಸೆಗೊಳಪಡಿಸಿ ಎಲ್ಲರೆದುರು ಸುಟ್ಟರೆಂದು ಅದು ಹೇಳುತ್ತದೆ. ಇಂಥ ಕಥೆಗೆ ನಾಲ್ಕು ಪ್ರಶ್ನೆ ಕೇಳಿ. ಬೇರೆ ಸಾಕ್ಷಿ ಇದೆಯೇ? ಇತಿಹಾಸಕಾರರು ಹುಡುಕಿದರೂ ಆ ಕಾಲದ ಬೇರೆ ದಾಖಲೆಯಲ್ಲಿ ಇದು ಸಿಕ್ಕಿಲ್ಲ. ಸ್ಥಳ ಒಪ್ಪುತ್ತದೆಯೇ? ಅರಮನೆಯಡಿಯ ನೆಲಮಾಳಿಗೆ ಸೆರೆಮನೆಗಳನ್ನು ಅನ್ನಾ ವರ್ಣಿಸುತ್ತಾರೆ. ಸ್ವಲ್ಪ ಅಗೆದರೆ ನೀರು ಜಿನುಗುವ ಬ್ಯಾಂಕಾಕ್‌ನ ಜೌಗುನೆಲದಲ್ಲಿ ಅಂಥವು ಇರಲಾರವೆಂಬ ಆಕ್ಷೇಪಕ್ಕೆ ಉತ್ತರವಿಲ್ಲ. ದೊರೆಯ ಉಳಿದ ನಡವಳಿಕೆಗೆ ಹೊಂದುತ್ತದೆಯೇ? ಇದೇ ದೊರೆ, ತಮ್ಮ ಮಕ್ಕಳನ್ನು ಹೆತ್ತವರನ್ನುಳಿದು, ಅರಮನೆ ಬಿಡಲು ಬಯಸುವ ಹೆಂಗಸರು ಹೊರಗೆ ಹೋಗಿ ಮದುವೆಯಾಗಬಹುದೆಂದು ಆಜ್ಞೆ ಹೊರಡಿಸಿದ್ದರು. ಓದುಗರು ಯಾರು? ಅಂತರ್ಯುದ್ಧ ಮುಗಿದು ಗುಲಾಮಗಿರಿ ಕೊನೆಗೊಂಡ ಹೊಸದರಲ್ಲಿದ್ದ ಅಮೆರಿಕನ್ನರು. ದಾಸ್ಯದ ಕ್ರೌರ್ಯದ ಕಥೆಗೆ ಅವರ ಎದೆ ಬೇಗ ಮಿಡಿಯುತ್ತಿತ್ತು, ಲೇಖಕಿಗೆ ಪುಸ್ತಕ ಮಾರಿ ಬದುಕಬೇಕಾಗಿತ್ತು.

ಹಾಗೆಂದು ಎರಡನೆಯ ಪುಸ್ತಕವನ್ನು ಎಸೆಯಬಾರದು. ಸಯಾಮಿನಲ್ಲಿ ದಾಸ್ಯ ಇತ್ತು. ಬಯಸದೆ ಅರಮನೆಗೆ ಸೇರಿಸಲ್ಪಟ್ಟ ಹೆಣ್ಣುಮಕ್ಕಳಿದ್ದರು. ಅವರ ಗೋಳನ್ನು ಅನ್ನಾ ಕಿವಿಯಾರೆ ಕೇಳಿದ್ದರು. ಘಟನೆಯಾಗಿ ನಂಬಲಾಗದ್ದನ್ನು, ಆ ಗೋಳಿನ ಬಗ್ಗೆ ಕಟ್ಟಿದ ಕಥೆಯೆಂದು ಓದಬಹುದು.

ದೊರೆಯ ಮಾತನ್ನೂ ಕೇಳಿ

ಒಬ್ಬರ ನೆನಪುಗಳನ್ನು ಓದಿ ಇನ್ನೊಬ್ಬರನ್ನು ಅಳೆಯುವುದು ನ್ಯಾಯವಲ್ಲ. ಮೊಂಗ್‌ಕುಟ್ ಇಂಗ್ಲಿಷಿನಲ್ಲಿ ಬರೆದ ಅನೇಕ ಪತ್ರಗಳು ಉಳಿದು ಪ್ರಕಟವಾಗಿವೆ. ವ್ಯಾಕರಣ ಅವರದೇ ಆದರೂ ಅವುಗಳಲ್ಲಿ ಚುರುಕುತನ, ಮಕ್ಕಳ ಮೇಲಿನ ಮಮತೆ, ಪರಂಗಿಗಳ ಅಹಂಕಾರದ ಬಗ್ಗೆ ಎಚ್ಚರ ಎದ್ದು ಕಾಣುತ್ತವೆ. ಅನ್ನಾ ಕೂಡ ಅವರ ವಿದ್ವತ್ತನ್ನೂ ಧರ್ಮನಿಷ್ಠೆಯನ್ನೂ ಮೊದಲ ಪುಸ್ತಕದಲ್ಲಿ ಮನಸಾರೆ ಹೊಗಳಿದ್ದಾರೆ. ಆ ಪುಟಗಳನ್ನು ಸಿನಿಮಾದವರು ಕೈಬಿಟ್ಟರು.

ದೊರೆಯ ಕೊನೆಯ ದಿನಗಳ ಕಥೆಗೆ ನಮ್ಮ ನೆಲದೊಂದಿಗೂ ಒಂದು ನಂಟಿದೆ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣ ಎಲ್ಲಿ, ಯಾವ ಹೊತ್ತಿಗೆ ಕಾಣುವುದೆಂದು ಮೊಂಗ್‌ಕುಟ್ ತಾವೇ ಲೆಕ್ಕಹಾಕಿ, ಸಯಾಮಿನ ದಕ್ಷಿಣ ಕರಾವಳಿಯ ವಾ ಕೋ ಎಂಬಲ್ಲಿ ಶಿಬಿರ ಹೂಡಿಸಿ, ಫ್ರೆಂಚ್ ಖಗೋಳಜ್ಞರನ್ನೂ ಸಿಂಗಪುರದ ಬ್ರಿಟಿಷ್ ಗವರ್ನರನ್ನೂ ಆಹ್ವಾನಿಸಿದರು. ಅವರ ಲೆಕ್ಕ ಸರಿಯಾಯಿತು. ಅದೇ ಗ್ರಹಣದ ನೆರಳು ಅಂದು ದಖ್ಖನಿನ ಮೇಲೂ ಹಾದುಹೋಗಿತ್ತು: ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್, ಗುಂಟೂರಿನಲ್ಲಿ ಫ್ರೆಂಚ್ ಖಗೋಳಜ್ಞ ಜಾನ್ಸೆನ್ ಅದನ್ನು ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕದಿಂದ ನೋಡಿದರು, ಹೀಲಿಯಂ ಪತ್ತೆಯಾದ ಕಥೆ ಶುರುವಾಗುವುದು ಆ ವೀಕ್ಷಣೆಗಳಿಂದಲೇ. ವಾ ಕೋದ ಜೌಗಿನಲ್ಲಿ ತಗಲಿದ ಮಲೇರಿಯಾದಿಂದ ದೊರೆ 1868ರ ಅಕ್ಟೋಬರ್ 1ರಂದು ತೀರಿಕೊಂಡರು. ಅನ್ನಾ ಆಗ ಸಯಾಮಿನಲ್ಲಿರಲಿಲ್ಲ. ಅವರ ಎರಡೂ ಪುಸ್ತಕಗಳು ಬಂದದ್ದು, ಉತ್ತರ ಕೊಡಬಲ್ಲವರು ಇಲ್ಲವಾದ ಮೇಲೆ.

ಪ್ರಭಾವವನ್ನು ಅಳೆಯುವಾಗ ಎರಡೂ ಕಡೆ ನೋಡಿ

ಪಟ್ಟಕ್ಕೆ ಬಂದ ಚುಲಾಲೊಂಗ್‌ಕೊರ್ನ್ ಅನ್ನಾ ಅವರ ಶಿಷ್ಯರು. 1853ರಲ್ಲಿ ಹುಟ್ಟಿದ ಅವರು ಪಾಠ ಶುರುವಾದಾಗ ಎಂಟರ ಹುಡುಗ. ಅವರ ಆಳ್ವಿಕೆಯಲ್ಲಿ 1873ರಲ್ಲಿ ದೊರೆಯ ಮುಂದೆ ನೆಲಕ್ಕೆ ಬಿದ್ದಿರುವ ಪದ್ಧತಿ ರದ್ದಾಯಿತು; 1874ರಿಂದ ಹಂತಹಂತವಾಗಿ ಕಡಿಮೆಯಾದ ದಾಸ್ಯ 1905ರಲ್ಲಿ ಪೂರ್ತಿ ಕೊನೆಗೊಂಡಿತು. ಇದೆಲ್ಲ ತಮ್ಮ ಪಾಠದ ಫಲವೆಂಬ ಭಾವ ಅನ್ನಾ ಅವರ ಬರಹದಲ್ಲಿದೆ. ಆದರೆ ಆ ಹುಡುಗ 1866ರಲ್ಲಿ ಸಾಮಣೇರನಾಗಿ, ಅಂದರೆ ಎಳೆಯ ಬೌದ್ಧ ಭಿಕ್ಷುವಾಗಿ, ವಿಹಾರ ಸೇರಿದ. ರಾಜಕಾರ್ಯವನ್ನು ತಂದೆಯ ಪಕ್ಕದಲ್ಲಿ ಕುಳಿತು ಕಲಿತ. ದೊರೆಯಾದ ಮೇಲೆ 1871ರಲ್ಲಿ ಸಿಂಗಪುರ, ಜಾವಾಗಳನ್ನೂ 1872ರಲ್ಲಿ ಭಾರತವನ್ನೂ ಸುತ್ತಿ ಆಡಳಿತದ ಬಗೆಗಳನ್ನು ಕಣ್ಣಾರೆ ಕಂಡ. ಒಬ್ಬ ಶಿಕ್ಷಕಿಯ ಪಾಲು ಇವುಗಳ ನಡುವೆ ಒಂದು, ದೊಡ್ಡದಲ್ಲದಿದ್ದರೂ ಇಲ್ಲವೆನ್ನಲಾಗದ್ದು. 1897ರಲ್ಲಿ ಚುಲಾಲೊಂಗ್‌ಕೊರ್ನ್ ಲಂಡನ್ನಿಗೆ ಬಂದಾಗ ಹಳೆಯ ಗುರುವನ್ನು ಭೇಟಿ ಮಾಡಿದರು.

ಅನ್ನಾ ಅವರ ಚರಿತ್ರೆಯನ್ನು 1867ಕ್ಕೇ ಮುಗಿಸುವ ಬರಹಗಳು ಅವರಿಗೆ ಅನ್ಯಾಯ ಮಾಡುತ್ತವೆ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಅವರು ಶಾಲೆ ನಡೆಸಿದರು. 1881ರಲ್ಲಿ ಒಂದು ಅಮೆರಿಕನ್ ಪತ್ರಿಕೆಗಾಗಿ ರಷ್ಯಾಕ್ಕೆ ಹೋಗಿ ಬರೆದರು. ಮಗಳು ಏವಿಸ್ ಮದುವೆಯಾಗಿ ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ಹೋದಾಗ ಅಲ್ಲಿಯೇ ನೆಲೆಸಿ, 1887ರಲ್ಲಿ ಒಂದು ಕಲಾಶಾಲೆಯ ಸ್ಥಾಪನೆಯಲ್ಲಿ ಮುಂದಾಳಾದರು. ಅದು ಇಂದು ವಿಶ್ವವಿದ್ಯಾಲಯವಾಗಿ ಬೆಳೆದಿದೆ. ಹೆಂಗಸರ ಮತದಾನದ ಹಕ್ಕಿಗಾಗಿ ದುಡಿದರು. ತೀರಿಕೊಂಡದ್ದು 1915ರ ಜನವರಿ 19ರಂದು, ಮಾಂಟ್ರಿಯಲ್‌ನಲ್ಲಿ. ಬಾಲ್ಯದಲ್ಲಿ ರಾಜಕುಮಾರರೊಡನೆ ಆಡಿ ಬೆಳೆದ ಲೂಯಿ ದೊಡ್ಡವನಾದ ಮೇಲೆ ಸಯಾಮಿಗೆ ಮರಳಿ, ಮೊದಲು ರಾಜಸೇವೆಯಲ್ಲೂ ಆಮೇಲೆ ತೇಗದ ವ್ಯಾಪಾರದಲ್ಲೂ ಬಾಳಿದರು.

ಇಷ್ಟಾದ ಮೇಲೆ ಅದೇ ಪೆನ್ಸಿಲ್ ಗುರುತುಗಳೊಡನೆ ಇನ್ನಿಬ್ಬರು ಗವರ್ನೆಸ್‌ಗಳನ್ನು ಓದಬೇಕೆಂದು ನನ್ನ ಸಲಹೆ. ಇಬ್ಬರೂ ಈಜಿಪ್ಟನ್ನು ಆಳುತ್ತಿದ್ದ ಇಸ್ಮಾಯಿಲ್ ಪಾಷಾ ಅವರ ಮನೆತನದಲ್ಲಿ ದುಡಿದವರು. 1860ರ ದಶಕದ ಆರಂಭದಲ್ಲಿ ಎಳೆಯ ರಾಜಕುಮಾರ ಇಬ್ರಾಹಿಮ್‌ನನ್ನು ನೋಡಿಕೊಂಡ ಎಮಲೀನ್ ಲಾಟ್, ವಸತಿ ಮತ್ತು ಊಟದಿಂದ ಹಿಡಿದು ಎಲ್ಲದರ ಬಗ್ಗೆ ಕಹಿಯಾಗಿ ಬರೆದರು. 1870ರ ದಶಕದಲ್ಲಿ ರಾಜಕುಮಾರಿ ಝೈನಬ್‌ಗೆ ಪಾಠ ಹೇಳಿದ ಎಲೆನ್ ಚೆನೆಲ್ಸ್, ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಆ ಶಿಷ್ಯೆಯನ್ನು ಪ್ರೀತಿಯಿಂದ ನೆನೆದು 1893ರಲ್ಲಿ ಪುಸ್ತಕ ಹೊರತಂದರು. ವಸತಿ, ಸಂಬಳ, ಬಾಗಿಲು, ಊಟ, ಶಿಷ್ಯರ ಸಾವು ಎಂಬ ಐದು ತಲೆಬರಹಗಳಡಿ ಮೂವರ ಮಾತುಗಳನ್ನೂ ಒಂದರ ಪಕ್ಕ ಒಂದು ಬರೆದು ಹೋಲಿಸಿ. ಮೂವರಲ್ಲೂ ಒಂದೇ ರೀತಿಯಲ್ಲಿ ಬರುವ ದೂರುಗಳನ್ನು ಗವರ್ನೆಸ್ ಎಂಬ ಕೆಲಸಕ್ಕೂ, ಒಬ್ಬರಲ್ಲಿ ಮಾತ್ರ ಕಾಣುವುದನ್ನು ಆ ವ್ಯಕ್ತಿಗೋ ಆ ಅರಮನೆಗೋ ಸೇರಿಸಿ ಲೆಕ್ಕ ಹಿಡಿಯಿರಿ.